ಕನ್ಫ್ಯೂಷನ್ ಎಂದು ಬರೆದುಕೊಂಡರು

ಉದ್ದಣ್ಣ ಸತ್ತ ಮೇಲೆ ಲಾಂಡ್ರಿಯ ಎರಡನೆಯ ಡ್ರಮ್ಮು ನಿಂತೇ ಇತ್ತು, ಮಿಕ್ಕವು ತಿರುಗುತ್ತಲೇ ಇದ್ದವು. ಬೆಳಗಾದರೆ ಊರಿನ ಆಸ್ಪತ್ರೆಗಳಿಗೆಲ್ಲ ಒಗೆದ ಬೆಡ್‌ಶೀಟು ಬೇಕು. ಒಗೆಯುವವರಲ್ಲಿ ಯಾರು ಇದ್ದಾರೆ ಯಾರು ಹೋದರು ಎಂದು ಮಂಚಗಳು ಕೇಳುವುದಿಲ್ಲ.

ಡ್ರಮ್ಮು ಎಂದರೆ ಮನೆಯ ವಾಷಿಂಗ್ ಮೆಷೀನಿನ ಅಣ್ಣ ಎಂದುಕೊಳ್ಳಬಾರದು, ಅಜ್ಜ ಎನ್ನಬೇಕು. ಒಳಗೆ ಒಬ್ಬ ಆಳು ಬೆನ್ನು ಬಗ್ಗಿಸಿ ನಿಲ್ಲಬಹುದಾದಷ್ಟು ದೊಡ್ಡ ಉಕ್ಕಿನ ಪೀಪಾಯಿ. ಅದರಲ್ಲಿ ಬೆಡ್‌ಶೀಟುಗಳು ಸುತ್ತಿ ಸುತ್ತಿ ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗಿಬಿಡುತ್ತವೆ. ಆಗ ಯಾರಾದರೂ ಒಳಗಿಳಿದು ಕೈಯಿಂದಲೇ ಬಿಡಿಸಬೇಕು. ಬಾಗಿಲು ಈ ಕಡೆ, ಮೆಷೀನು ಶುರುಮಾಡುವ ಹ್ಯಾಂಡಲು ಹಿಂಬದಿಗೆ. ಹ್ಯಾಂಡಲ್ ಎಳೆಯುವವನಿಗೆ ಬಾಗಿಲು ಕಾಣುವುದಿಲ್ಲ, ಆ ಗದ್ದಲದಲ್ಲಿ ಕೂಗಿದರೆ ಕೇಳಿಸುವುದೂ ಇಲ್ಲ. ಅದಕ್ಕೇ ಅಲ್ಲಿಯವರು ಒಂದು ಪದ್ಧತಿ ಮಾಡಿಕೊಂಡಿದ್ದರು: ಒಳಗಿಳಿಯುವವನು ತನ್ನ ಏಪ್ರನ್ ಬಿಚ್ಚಿ ಹ್ಯಾಂಡಲಿಗೆ ತೂಗುಹಾಕುತ್ತಾನೆ. ಏಪ್ರನ್ ಇದ್ದರೆ ಒಳಗೆ ಆಳಿದ್ದಾನೆ, ಇಲ್ಲದಿದ್ದರೆ ಇಲ್ಲ. ತೂಗುಹಾಕಿದವನೇ ಬಂದು ತೆಗೆಯಬೇಕು. ಜಾರಿ ನೆಲಕ್ಕೆ ಬಿದ್ದರೂ ಬೇರೆಯವರು ಎತ್ತುವಂತಿಲ್ಲ, ಅವನು ಹೊರಗೆ ಬರುವ ತನಕ ಪಕ್ಕದಲ್ಲಿ ಕಾವಲು ನಿಲ್ಲಬೇಕು. ಯಾವ ಗೋಡೆಯ ಮೇಲೂ ಇದನ್ನು ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು, ನೀರಿನ ನಲ್ಲಿ ಎಲ್ಲಿದೆ ಎಂದು ಹೇಳಿಕೊಡುವ ಮುಂಚೆ.

ಹೊಸ ಸೂಪರ್‌ವೈಸರನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮೇಲಿನವರಿಗೆ ಹೇಳಿಕೊಡುವುದು ಯಾರ ಕೆಲಸ? ಅವನು ಮ್ಯಾನೇಜರರ ಭಾವಮೈದ, ಯಾವುದೋ ಹೋಟೆಲಿನಿಂದ ಬಂದವನು. ದಿನಕ್ಕೆ ನೂರು ಸಲ 'ನೀಟಾಗಿರ್ಲಿ, ನೀಟಾಗಿರ್ಲಿ' ಎನ್ನುತ್ತಿದ್ದದ್ದಕ್ಕೆ ಎಲ್ಲರೂ ಅವನಿಗೆ ನೀಟಪ್ಪ ಎಂದು ಹೆಸರಿಟ್ಟಿದ್ದರು. ಆ ದಿನ ದೊಡ್ಡ ಆಸ್ಪತ್ರೆಯೊಂದರಿಂದ ಲಾಂಡ್ರಿ ನೋಡಲು ಜನ ಬರುವವರಿದ್ದರು. ನೀಟಪ್ಪ ಬುಟ್ಟಿ ಹಿಡಿದು ಹೊರಟವನು, ಅಲ್ಲಿ ಇಲ್ಲಿ ಬಿದ್ದ ಚಿಂದಿಯ ಜೊತೆ ಎರಡನೆಯ ಡ್ರಮ್ಮಿನ ಹ್ಯಾಂಡಲಿನ ಮೇಲೆ ನೇತಾಡುತ್ತಿದ್ದ ಉದ್ದಣ್ಣನ ಒದ್ದೆ ಏಪ್ರನ್ನನ್ನೂ ಬುಟ್ಟಿಗೆ ತುರುಕಿ ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಮೆಷೀನು ನಡೆಸುವ ಡ್ರಮ್ಮಿನ ಮಾವ ಬಂದ. ಹ್ಯಾಂಡಲ್ ನೋಡಿದ. ಎಳೆದ.

ಡ್ರಮ್ಮಿನ ಮಾವ ನಿಜಕ್ಕೂ ಮಾವ ಆಗಿದ್ದದ್ದು ಒಬ್ಬಳಿಗೇ, ಮೇಲಂತಸ್ತಿನ ಆಫೀಸಿನಲ್ಲಿ ಟೈಪ್ ಮಾಡುವವಳಿಗೆ. ಅವಳ ತಾಯಿಯ ತಮ್ಮ ಆತ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವನೂ, ತಲೆ ಬಾಚಿದವನೂ, ಟೈಪಿಂಗ್ ಕಲಿಯಲು ಕಳಿಸಿದವನೂ, ಆ ಕುರ್ಚಿಯ ತನಕ ಕೈಹಿಡಿದು ತಂದವನೂ ಅವನೇ. ಅವಳು ಮಾವ ಎನ್ನುವುದನ್ನು ಕೇಳಿ ಕೇಳಿ ಇಡೀ ಲಾಂಡ್ರಿ ಅವನನ್ನು ಮಾವ ಮಾಡಿಕೊಂಡಿತ್ತು. ಅವನಿಗಿಂತ ಹಿರಿಯಳಾದ ಇಸ್ತ್ರಿಯಕ್ಕ ಕೂಡ, "ನನ್ನ ಗಂಡನ ತಮ್ಮನ ವಯಸ್ಸಿಲ್ಲ, ಇವನು ನನಗೂ ಮಾವ" ಎಂದು ನಗುತ್ತಿದ್ದಳು.

ಉದ್ದಣ್ಣನನ್ನು ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ ಅತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಮಾವನನ್ನು ಕೇಳಿದ್ದಳು: "ಯಾರು ಮಾಡಿದ್ದು? ಅಷ್ಟು ಹೇಳಿ ಸಾಕು. ಮೆಷೀನು ತಾನಾಗೇ ತಿರುಗಲ್ಲ ಅಂತ ಅವರೇ ನನಗೆ ಹೇಳ್ತಿದ್ರು."

"ವಿಚಾರಣೆ ಆಗ್ಲಿ ತಾಯಿ. ಆದ ದಿನಾನೇ ಬಂದು ಹೇಳ್ತೀನಿ," ಎಂದ ಮಾವ. ಅಂದಿನಿಂದ ಸೋದರಸೊಸೆಯ ಹತ್ತಿರ ಒಂದೇ ಮಾತು: "ನಂದು ತಪ್ಪಿದ್ರೆ ನಂದು ಅನ್ನಲಿ. ಇಲ್ಲಾಂದ್ರೆ ಇಲ್ಲ ಅನ್ನಲಿ. ಎರಡರಲ್ಲಿ ಒಂದು ಬೇಕು ಪುಟ್ಟಿ ನನಗೆ. ಅದನ್ನ ತಗೊಂಡು ಆ ಮನೆ ಮೆಟ್ಟಿಲು ಹತ್ತಬೇಕು."

ವಿಚಾರಣೆಗೆ ಕಂಪನಿಯ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಅವರಿಗೆ ಇಂಗ್ಲಿಷಲ್ಲದೆ ಬೇರೆ ಬಾರದು, ಕೆಳಗಿನ ಹಾಲಿನಲ್ಲಿ ದುಡಿಯುವ ಯಾರಿಗೂ ಇಂಗ್ಲಿಷ್ ಬಾರದು. ಗೊತ್ತುಮಾಡಿದ್ದ ದುಭಾಷಿ ಕೊನೆಗಳಿಗೆಯಲ್ಲಿ ಕೈಕೊಟ್ಟ. ಮ್ಯಾನೇಜರರು ಟೈಪ್ ಮಾಡುವವಳನ್ನು ಕ್ಯಾಬಿನ್ನಿಗೆ ಕರೆದರು.

"ಕೂತ್ಕೋಮ್ಮ. ನೀನೇ ಹೇಳ್ಬೇಕು ಅವರಿಗೆ."

"ಸರ್, ಟೈಪ್ ಮಾಡೋದು ಬೇರೆ, ಮಾತಾಡೋದು ಬೇರೆ."

"ದಿನಾ ನನ್ನ ತಪ್ಪುಗಳನ್ನೆಲ್ಲ ತಿದ್ದಿ ಟೈಪ್ ಮಾಡ್ತೀಯ. ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?" ಮ್ಯಾನೇಜರರು ಎದ್ದು ಬಾಗಿಲು ಮುಚ್ಚಿದರು. ಅವರು ಕೆಟ್ಟವರೇನಲ್ಲ. ಕೆಟ್ಟವರಾಗುವಷ್ಟು ಧೈರ್ಯ ಅವರಿಗೆ ಇರಲಿಲ್ಲ, ಮನೆಯಲ್ಲಿ ಹೆಂಡತಿಯ ಮುಂದಂತೂ ಇಲ್ಲವೇ ಇಲ್ಲ. "ನೋಡು, ಆ ಏಪ್ರನ್ ವಿಷಯ ಎತ್ತಿದರೆ ಎಲ್ಲಿಗೋ ಹೋಗುತ್ತೆ. ಪೊಲೀಸರು ಬರ್ತಾರೆ. ಬಂದವರು ಮೊದಲು ಏನು ಕೇಳ್ತಾರೆ ಹೇಳು? ಹ್ಯಾಂಡಲ್ ಮೇಲಿದ್ದ ಕೈ ಯಾರದು ಅಂತ."

ಮ್ಯಾನೇಜರರು ಅವಳ ಮುಂದೆ ಬಂದು ನಿಂತರು.

"ಯಾರದು?"

"ಮಾವಂದು."

"ನಾನು ಸುಳ್ಳು ಹೇಳು ಅಂತಿಲ್ಲ. ಇಂಗ್ಲಿಷಲ್ಲಿ ಒಂದು ಒಳ್ಳೆ ಪದ ಇದೆ. ಕನ್ಫ್ಯೂಷನ್. ಅದಕ್ಕೆ ಕೈಯಿಲ್ಲ, ಕಾಲಿಲ್ಲ. ಯಾರನ್ನೂ ಬೊಟ್ಟು ಮಾಡಿ ತೋರಿಸಲ್ಲ. ಜನ ಬರೋರಿದ್ರು, ಎಲ್ಲರೂ ಓಡಾಡ್ತಿದ್ರು, ಕನ್ಫ್ಯೂಷನ್ ಆಯ್ತು. ಅದು ಸುಳ್ಳಾ?"

ಸುಳ್ಳಲ್ಲ ಎಂದು ಅವಳಿಗೂ ಅನಿಸಿತು. ಅದೇ ಎಡವಟ್ಟಾದದ್ದು.

ಬಟ್ಟೆ ಮಡಿಸುವ ಕೋಣೆಯಲ್ಲಿ ಮೇಜು ಹಾಕಿದರು. ಸುತ್ತ ಆಳೆತ್ತರಕ್ಕೆ ಬೆಡ್‌ಶೀಟಿನ ಅಟ್ಟಿಗಳು. ಅವುಗಳ ನಡುವೆ ಮಾತು ಗೋಡೆಗೆ ಬಡಿಯದೆ ಅಲ್ಲೇ ಹೀರಿಹೋಗುತ್ತಿತ್ತು. ಅಧಿಕಾರಿ ಸಣಕಲು ಮನುಷ್ಯ, ನೆಗಡಿ ಹಿಡಿದಿತ್ತು, ಪ್ರತಿಯೊಂದು ಪ್ರಶ್ನೆಗೂ ಮುಂಚೆ ಕರವಸ್ತ್ರಕ್ಕೆ ಮೂಗು ಒರೆಸಿ ಕ್ಷಮೆ ಕೇಳುತ್ತಿದ್ದರು. ಮ್ಯಾನೇಜರರ ಪಕ್ಕ ನೀಟಪ್ಪ ಕೂತಿದ್ದ. ಉಗುರು ನೋಡಿಕೊಳ್ಳುತ್ತಿದ್ದ.

ಮೊದಲು ಇಸ್ತ್ರಿಯಕ್ಕ ಬಂದಳು. ಬಿಸಿ ರೋಲರಿನ ಮುಂದೆ ವರ್ಷಗಟ್ಟಲೆ ನಿಂತು ಅವಳ ಮುಖ ಯಾವಾಗಲೂ ಕೆಂಪು; ಈಗ ಇನ್ನೂ ಕೆಂಪಾಗಿತ್ತು.

"ಬೆಳಿಗ್ಗೆಯಿಂದ ಗಡಿಬಿಡಿ ಅಂದ್ರೆ ಗಡಿಬಿಡಿ," ಎಂದು ಶುರು ಮಾಡಿದಳು. "ಅದು ಎತ್ತು, ಇದು ಒರೆಸು, ಆ ಕಡೆ ನೂಕು. ಕೂತ್ರೆ ತಪ್ಪು, ನಿಂತ್ರೆ ತಪ್ಪು. ಇರೋ ಕೆಲಸ ಬಿಟ್ಟು ಇಲ್ಲದ ಕೆಲಸ ಹಚ್ಚಿ ನಮ್ಮನ್ನೆಲ್ಲ ಕಕ್ಕಾಬಿಕ್ಕಿ ಮಾಡಿಬಿಟ್ರು."

ಅಧಿಕಾರಿ ಟೈಪ್ ಮಾಡುವವಳ ಕಡೆ ನೋಡಿದರು. ಅವಳು ಇಂಗ್ಲಿಷಿನಲ್ಲಿ ಹೇಳಿದಳು: ಬೆಳಿಗ್ಗೆಯಿಂದ ಕನ್ಫ್ಯೂಷನ್ ಇತ್ತಂತೆ.

ಅವರು ಬರೆದುಕೊಂಡರು.

"ಮುಂದೆ ಹೇಳೇ," ಎಂದಳು ಇಸ್ತ್ರಿಯಕ್ಕ. "ಈ ನಮ್ಮ ನೀಟಪ್ಪ... ಸೂಪರ್‌ವೈಸರು... ಬುಟ್ಟಿ ಹಿಡ್ಕೊಂಡು ಬಂದು ಹ್ಯಾಂಡಲಿನ ಮೇಲಿದ್ದ ಏಪ್ರನ್ ತೆಗೆದು ಬುಟ್ಟಿಗೆ ಹಾಕಿದ್ರು. ನಾನು ನೋಡಿದೆ. ಅಯ್ಯೋ ಬೇಡ ಅಂತ ಕೂಗಿದೆ. ರೋಲರು ಬಿಟ್ಟು ಬರೋಕಾಗಲ್ಲ, ಬೆಡ್‌ಶೀಟು ಸುಟ್ಟುಹೋಗುತ್ತೆ. ಬರೋಷ್ಟರಲ್ಲಿ ಆಗಿಹೋಯ್ತು. ಹೇಳು ಅವರಿಗೆ."

ನೀಟಪ್ಪ ಉಗುರಿನಿಂದ ಕಣ್ಣೆತ್ತಲಿಲ್ಲ. ಮ್ಯಾನೇಜರರು ಟೈಪ್ ಮಾಡುವವಳನ್ನೇ ನೋಡುತ್ತಿದ್ದರು, ಕೈ ಮುಗಿಯುವುದೊಂದು ಬಾಕಿ. ಬಾಗಿಲಾಚೆ ಸರದಿಗಾಗಿ ಕಾಯುತ್ತ ಮಾವ ನಿಂತಿದ್ದ, ಹ್ಯಾಂಡಲ್ ಎಳೆದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ಅವಳಿಗೆ ಪೊಲೀಸ್ ಜೀಪು ಕಂಡಿತು, ಅದರೊಳಗೆ ಆ ಕೈ ಕಂಡಿತು.

ಏಪ್ರನ್ ವಿಷಯದಲ್ಲಿ ಸ್ವಲ್ಪ ಕನ್ಫ್ಯೂಷನ್ ಇತ್ತು, ಎಂದಳು.

ಪದ ಎಷ್ಟು ಸಲೀಸಾಗಿ ಬಂತು ಎಂದರೆ ಅವಳಿಗೇ ಆಶ್ಚರ್ಯ. ಬೆಣ್ಣೆ ಹಚ್ಚಿದ ಹಾಗೆ. ಅಲ್ಲಿಂದ ಮುಂದೆ ತಡೆಯೇ ಇರಲಿಲ್ಲ. ಮಡಿಸುವ ವಿಭಾಗದವನು ದಿಕ್ಕು ತೋಚದೆ ಓಡಿದ್ದೆ ಎಂದ, ಕನ್ಫ್ಯೂಷನ್. ಲಾರಿಯವನು ಯಾರು ಯಾರಿಗೆ ಏನು ಹೇಳಿದರೋ ತಲೆಬುಡ ತಿಳಿಯಲಿಲ್ಲ ಎಂದ, ಕನ್ಫ್ಯೂಷನ್. ಉದ್ದಣ್ಣನನ್ನು ಹೊರಗೆಳೆದವರಲ್ಲಿ ಒಬ್ಬ, ಅವನ ಮುಖ ನೋಡಿದಾಗಿನಿಂದ ನನಗೆ ಮಂಕು ಕವಿದಿದೆ, ಮಕ್ಕಳ ಹೆಸರೂ ನೆನಪಾಗುವುದಿಲ್ಲ ಎಂದು ಅತ್ತ. ಅದಕ್ಕೂ ಅವಳ ಬಾಯಿಂದ ಅದೇ ಪದ ಬಂತು. ಅಧಿಕಾರಿಗೆ ಖುಷಿಯಾದಂತಿತ್ತು. ಇಷ್ಟೊಂದು ಜನ ಒಂದೇ ಮಾತು ಹೇಳುವ ವಿಚಾರಣೆ ಅಪರೂಪ.

ಕೊನೆಗೆ ಮಾವ ಬಂದು ಕುರ್ಚಿಯ ತುದಿಯಲ್ಲಿ ಕೂತ. ಅವನು ಹೇಳಿದ್ದು ಇಷ್ಟೇ. "ಹ್ಯಾಂಡಲ್ ನೋಡಿದೆ. ಏಪ್ರನ್ ಇರಲಿಲ್ಲ. ಎಳೆದೆ."

ಅಧಿಕಾರಿ ಮೂಗು ಒರೆಸಿಕೊಂಡು ಕೇಳಿದರು: ಆಗ ಈತನಿಗೂ ಕನ್ಫ್ಯೂಷನ್ ಆಗಿತ್ತೇ?

"ಮಾವ, ಆಗ ನಿಂಗೆ ಏನಾದ್ರೂ ಗೊಂದಲ ಆಯ್ತಾ?"

"ಗೊಂದಲ ಯಾಕಾಗುತ್ತೆ?" ಮಾವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ದೀಪ ಉರೀತಿತ್ತು. ಕಣ್ಣು ಸರಿಯಾಗೇ ಇದೆ. ಏಪ್ರನ್ ಇರಲಿಲ್ಲ ಪುಟ್ಟಿ. ಇದ್ದಿದ್ರೆ ಮುಟ್ತಿದ್ನಾ?"

ಅವಳು ಅಧಿಕಾರಿಯ ಕಡೆ ತಿರುಗಿದಳು. ಹೌದು, ಎಂದಳು. ಆಗಿತ್ತಂತೆ.

ಮಧ್ಯಾಹ್ನ ಊಟದ ಹೊತ್ತಿಗೆ ಇಸ್ತ್ರಿಯಕ್ಕ ಮೇಲಕ್ಕೇ ಬಂದಳು. ಟೈಪ್ ಮಾಡುವ ಮೇಜಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಲ್ಲ ಕಣೇ, ನಾನು ಮಾರುದ್ದ ಹೇಳಿದೆ, ನೀನು ಗೇಣುದ್ದ ಹೇಳಿದೆ. ಇಂಗ್ಲಿಷು ಅಷ್ಟು ಚಿಕ್ಕದಾ?"

"ಅಕ್ಕ, ಅವರಿಗೆ ಬೇಕಾಗಿದ್ದು..."

"ಅವರಿಗೇನು ಬೇಕು ಅಂತ ನಾನು ಹೇಳೋಕೆ ಹೋಗಿರಲಿಲ್ಲ. ಕನ್ಫ್ಯೂಷನ್ನು ಕನ್ಫ್ಯೂಷನ್ನು ಅಂತ ಅದೊಂದು ನನ್ನ ಕಿವಿಗೂ ಬಿತ್ತು. ಆ ಪದ ನನಗೂ ಗೊತ್ತಮ್ಮ. ನನ್ನ ಮಗಳು ಎರಡು ಜೊತೆ ಚಪ್ಪಲಿ ಮುಂದಿಟ್ಕೊಂಡು ಅಂಗಡೀಲಿ ಹೇಳೋ ಪದ ಅದು. ಒಬ್ಬ ಮನುಷ್ಯ ಸತ್ತಿದ್ದಕ್ಕೂ ಅದನ್ನೇ ಹೇಳ್ತಾರಾ?"

"ಮಾವನ ಒಳ್ಳೇದಕ್ಕೇ ಅಕ್ಕ."

"ನಿನ್ನ ಮಾವನ್ನ ಕೇಳಿದ್ಯಾ?" ಎಂದು ಇಸ್ತ್ರಿಯಕ್ಕ ಕೆಳಗಿಳಿದು ಹೋದಳು.

ಅವಳು ಹೋದ ಮೇಲೆ ಇವಳು ಡಿಕ್ಷನರಿ ತೆಗೆದಳು. ಆ ಪದವನ್ನು ಎಂದೂ ಹುಡುಕಿ ನೋಡಿರಲಿಲ್ಲ. ದಿನಾ ಬಳಸುವ ಲೋಟದ ತಳ ಯಾರು ತಿರುಗಿಸಿ ನೋಡುತ್ತಾರೆ? ಗೊಂದಲ, ಗಲಿಬಿಲಿ, ಅಸ್ತವ್ಯಸ್ತ ಎಂದೆಲ್ಲ ಇತ್ತು. ಒಂದನ್ನು ಇನ್ನೊಂದೆಂದು ತಿಳಿಯುವುದು ಎಂದಿತ್ತು. ನಾಚಿಕೆಯಿಂದ ತಬ್ಬಿಬ್ಬಾಗುವುದಕ್ಕೂ ಅದೇ ಪದ. ವಯಸ್ಸಾದವರಿಗೆ, ಜ್ವರ ಬಂದವರಿಗೆ ತಾನೆಲ್ಲಿದ್ದೇನೆ ಎಂದು ತಿಳಿಯದಾದರೆ ವೈದ್ಯರು ಅದನ್ನೂ ಹಾಗೆಯೇ ಕರೆಯುತ್ತಾರಂತೆ. ಎಲ್ಲಕ್ಕಿಂತ ಕೆಳಗೆ, ಹಳೆಯ ಬಳಕೆ ಎಂಬ ಸೂಚನೆಯೊಡನೆ, ನಾಶ, ಹಾಳಾಗಿ ಹೋಗುವುದು ಎಂದೂ ಇತ್ತು. ಹಿಂದೆ ಶತ್ರುಗಳಿಗೆ ಆ ಪದ ಹಿಡಿದೇ ಶಾಪ ಹಾಕುತ್ತಿದ್ದರಂತೆ. ಒಂದು ಪದಕ್ಕೆ ಇಷ್ಟು ಬಾಗಿಲುಗಳಿದ್ದರೆ, ತಾನು ಒಂದರಿಂದ ಒಳಗೆ ಬಿಟ್ಟದ್ದು ಯಾವುದರಿಂದ ಹೊರಬೀಳುತ್ತದೋ ಎಂದು ಅವಳಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

ಅದು ಮರುದಿನ ಬೆಳಿಗ್ಗೆಯೇ ಗೊತ್ತಾಯಿತು. ವರದಿಯನ್ನು ಅಧಿಕಾರಿ ಬಾಯಲ್ಲಿ ಹೇಳುತ್ತ ಹೋದರು, ಅವಳು ಟೈಪ್ ಮಾಡುತ್ತ ಹೋದಳು. ಬೆರಳುಗಳು ಅರ್ಥಕ್ಕೆ ಕಾಯುವುದಿಲ್ಲ. ಒಂದು ಪ್ಯಾರಾ ಮುಗಿದ ಮೇಲೆ ಅವಳು ಅದನ್ನು ಓದಿದಳು: ಸ್ಥಳದಲ್ಲಿ ಸಾಮಾನ್ಯ ಕನ್ಫ್ಯೂಷನ್ ಇದ್ದು, ಕನ್ಫ್ಯೂಷನ್‌ಗೊಳಗಾದ ಮೆಷೀನ್ ಚಾಲಕನು ಒಳಗೆ ಕೆಲಸಗಾರನಿರುವುದನ್ನು ಗಮನಿಸದೆ ಹ್ಯಾಂಡಲ್ ಎಳೆದದ್ದೇ ಅಪಘಾತಕ್ಕೆ ಕಾರಣ. ಚಾಲಕನ ವಯಸ್ಸನ್ನು ಗಮನಿಸಿ ಆತನನ್ನು ಮೆಷೀನುಗಳಿಂದ ದೂರವಿಡಬೇಕು. ಆತನ ಮಾನಸಿಕ ಸ್ಥಿತಿಯನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಅವಳ ಕೈ ನಿಂತಿತು. ಅಧಿಕಾರಿ, ಬೇಗ ಹೇಳಿದೆನೇ, ಕ್ಷಮಿಸಿ, ಎಂದರು.

ನೀರು ಕುಡಿದು ಬರುತ್ತೇನೆ ಎಂದು ಎದ್ದು ಮ್ಯಾನೇಜರರ ಕ್ಯಾಬಿನ್ನಿಗೆ ಹೋದಳು. "ಸರ್, ಆ ಪದ ಯಾರನ್ನೂ ತೋರಿಸಲ್ಲ ಅಂದಿದ್ರಿ. ಈಗ ಮಾವನ್ನೇ ತೋರಿಸ್ತಿದೆ. ತಲೆ ಕೆಟ್ಟೋನು ಅಂತ ಬರೆಸ್ತಿದ್ದಾರೆ."

ಮ್ಯಾನೇಜರರು ನಿಜವಾಗಿಯೂ ನೊಂದುಕೊಂಡಂತೆ ಕಂಡರು. "ನಾನೇನಮ್ಮ ಬರೆಸಿದ್ನಾ? ಅವರು ಬರೆಸ್ತಿದ್ದಾರೆ. ಬಿಡು, ಜೈಲಂತೂ ಇಲ್ಲ. ಕೂತು ಮಾಡೋ ಕೆಲಸ ಕೊಡೋಣ. ಈ ವಯಸ್ಸಲ್ಲಿ ಹ್ಯಾಂಡಲ್ ಯಾಕೆ ಅವನಿಗೆ?"

ವರದಿ ಓದಿ ಹೇಳುವ ಹೊತ್ತಿಗೆ ಮಡಿಸುವ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಕೆಲಸಗಾರರಿಗೆ ಅವರ ಭಾಷೆಯಲ್ಲಿ ತಿಳಿಸಿದ ಮೇಲೆಯೇ ಅದು ಮುಖ್ಯ ಕಚೇರಿಗೆ ಹೋಗುವುದು. ಅವಳು ಕಾಗದ ಹಿಡಿದು ನಿಂತಳು. ಇಂಗ್ಲಿಷಿನಲ್ಲಿ ನುಣುಪಾಗಿ ಜಾರಿದ್ದ ಪದ ಈಗ ಕನ್ನಡಕ್ಕೆ ಹಿಂದಿರುಗಿ ಬರಬೇಕಿತ್ತು. ಮಾವ ಮುಂದಿನ ಸಾಲಿನಲ್ಲೇ ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ, ಇಲ್ಲಿಂದ ನೇರ ಉದ್ದಣ್ಣನ ಮನೆಗೆ ಹೋಗುವ ಹಾಗೆ.

"ಮೆಷೀನ್ ನಡೆಸುವವರು... ಗೊಂದಲದಲ್ಲಿದ್ದು... ಒಳಗೆ ಆಳಿರೋದನ್ನ ನೋಡದೆ..."

"ಯಾರು ಗೊಂದಲದಲ್ಲಿದ್ದದ್ದು?" ಎಂದ ಮಾವ.

ಅವಳು ಮುಂದಿನ ಸಾಲು ಓದಲು ಹೋದಳು.

"ನಾನಾ? ಗೊಂದಲ ಇರಲಿಲ್ಲ ಅಂತ ಹೇಳಿದ್ನಲ್ಲ ಪುಟ್ಟಿ? ನೀನೇ ಕೇಳಿದ್ದು, ನಾನು ಹೇಳಿದ್ದು. ಹೇಳ್ಲಿಲ್ವಾ ಅವರಿಗೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆದ ವಸ್ತು ಎಲ್ಲಿಟ್ಟೆ ಎಂದು ಮನೆಯವರನ್ನು ಕೇಳುವ ದನಿ ಅದು. "ಏಪ್ರನ್ ವಿಷಯ ಎಲ್ಲಿ? ಅದು ಬರಲೇ ಇಲ್ವಲ್ಲ?"

ಅವಳು ಕಾಗದ ಮೇಜಿನ ಮೇಲಿಟ್ಟಳು. ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ ಹೇಳಿದಳು: ನಿನ್ನೆ ನಾನು ತಪ್ಪು ಹೇಳಿದೆ, ಇವರಿಗೆ ಏನೂ ಗೊಂದಲವಿರಲಿಲ್ಲ, ಏಪ್ರನ್ ತೆಗೆದವರು ಸೂಪರ್‌ವೈಸರು, ನೋಡಿದವರಿದ್ದಾರೆ, ಅವರು ಹೇಳಿದ್ದನ್ನು ನಾನು ಬೇಕೆಂದೇ ಹೇಳಲಿಲ್ಲ. ಅವಸರದಲ್ಲಿ ಕ್ರಿಯಾಪದಗಳು ಹಿಂದುಮುಂದಾದವು, ಇವರು ಅವರು ಅದಲುಬದಲಾದವು, ಕೊನೆಗೆ ಅಳುವೂ ಬಂತು.

ಅಧಿಕಾರಿ ಪೆನ್ನು ಕೆಳಗಿಟ್ಟರು. ಬಹಳ ಮರ್ಯಾದೆಯಿಂದ ಅವಳಿಗೆ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟರು. ಆಮೇಲೆ ಮ್ಯಾನೇಜರರ ಕಡೆ ಹುಬ್ಬೇರಿಸಿ ನೋಡಿದರು.

ಮ್ಯಾನೇಜರರು ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದರು: ಚಾಲಕ ಈಕೆಯ ಸೋದರಮಾವ, ಸ್ವಾಮಿ. ಸಾಕಿದವನು. ಪಾಪ, ಕನ್ಫ್ಯೂಸ್ ಆಗಿದ್ದಾಳೆ.

ಹಿಂದಿನಿಂದ ಇಸ್ತ್ರಿಯಕ್ಕ ಜನರನ್ನು ತಳ್ಳಿಕೊಂಡು ಬಂದಳು. "ತೆಗೆದದ್ದು ಇವನು!" ಎಂದು ನೀಟಪ್ಪನ ಮೂಗಿನ ನೇರಕ್ಕೆ ಬೆರಳು ಚಾಚಿದಳು. "ಬುಟ್ಟಿಗೆ ತುಂಬಿದವನು ಇವನು! ಹೇಳ್ರೀ ಯಾರಾದ್ರೂ! ಎಲ್ಲರ ನಾಲಿಗೆ ಏನು ಒಗೆಯೋಕೆ ಹಾಕಿದ್ದೀರಾ?" ಅಧಿಕಾರಿ ಆಕೆ ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ಕೇಳಿದ್ದು ಮ್ಯಾನೇಜರರನ್ನು, ಏಕೆಂದರೆ ದುಭಾಷಿ ಈಗ ಅಳುತ್ತಿದ್ದಳು. ಮ್ಯಾನೇಜರರು ಎರಡು ಕೈಯನ್ನೂ ಗಾಳಿಯಲ್ಲಿ ಮೆಲ್ಲಗೆ ತಿರುಗಿಸಿ ತೋರಿಸಿದರು: ಎಲ್ಲರಿಗೂ ದುಃಖ. ಎಲ್ಲರಿಗೂ ಕನ್ಫ್ಯೂಷನ್.

ಅಧಿಕಾರಿ ತಲೆಯಾಡಿಸಿದರು. ವರದಿಯ ಅಂಚಿನಲ್ಲಿ ಒಂದು ಸಾಲು ಬರೆದರು. ಟೈಪ್ ಮಾಡುವವರಿಗೆ ಅಕ್ಷರಗಳನ್ನು ತಲೆಕೆಳಗಾಗಿ ಓದುವ ಅಭ್ಯಾಸವಿರುತ್ತದೆ. ಮೇಜಿನ ಈ ಕಡೆಯಿಂದಲೇ ಅವಳು ಓದಿದಳು. ಅವಳ ಹುದ್ದೆ, ಅದರ ಮುಂದೆ ಆ ಪದ.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ ಎನ್ನಬೇಕು. ಮುಖ್ಯ ಕಚೇರಿಗೆ ನಾನೇ ಹೋಗಿ ಹೇಳುತ್ತೇನೆ ಎಂದು ಹಟ ಹಿಡಿದಳು. "ಹೋಗಮ್ಮ, ಯಾರು ಬೇಡ ಅಂದ್ರು?" ಎಂದರು ಮ್ಯಾನೇಜರರು. "ನಿನ್ನ ವಿಷಯ ಏನು ಬರೆದಿದೆ ಅಂತ ನೀನೇ ನೋಡಿದ್ದೀಯ. ಯಾವ ಬಾಯಲ್ಲಿ ಹೇಳ್ತೀಯ?" ಎರಡು ಬಾಯಿ ಇದ್ದವಳು ಅವಳೊಬ್ಬಳೇ ಆಗಿದ್ದಳು, ಎರಡೂ ಈಗ ಯಾರ ಕಿವಿಗೂ ಬೇಡವಾಗಿದ್ದವು.

ಮಾವನನ್ನು ದಿಂಬಿನ ಕವರು ಬೇರೆಮಾಡುವ ಮೇಜಿಗೆ ಕೂರಿಸಿದರು. ಬಿಳಿ ಒಂದು ಕಡೆ, ನೀಲಿ ಒಂದು ಕಡೆ. ಜನ ಅವನನ್ನು ದೂಷಿಸಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವರು ದನಿ ತಗ್ಗಿಸಿ ಮಾತಾಡತೊಡಗಿದರು. "ಮಾವ, ಇದು ನೀಲಿ, ಆ ಕಡೆಗೆ ಹಾಕಿ," ಎಂದು ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ. ಒಬ್ಬಾಕೆ ಊಟದ ಡಬ್ಬಿಯ ಮುಚ್ಚಳ ತೆಗೆದುಕೊಟ್ಟಳು. ಲಾರಿಯವನು ಮನೆ ದಾರಿ ಗೊತ್ತಿದೆಯಾ ಎಂದು ಕೇಳಿದ. ಕೇಳಿದ್ದು ತಮಾಷೆಗಲ್ಲ. ಮೊದಮೊದಲು ಮಾವ, "ಏನ್ರೋ, ನನಗೇನಾಗಿದೆ?" ಎಂದು ನಗುತ್ತಿದ್ದ. ಹೋಗುತ್ತ ಹೋಗುತ್ತ ಒಂದು ಕವರು ಕೈಯಲ್ಲಿ ಹಿಡಿದು, ದೀಪಕ್ಕೆ ಒಡ್ಡಿ, ಇದು ಬಿಳಿಯೇ ತಾನೇ ಎಂದು ತನ್ನಲ್ಲೇ ಕೇಳಿಕೊಳ್ಳುವುದನ್ನು ಅವಳು ಕಂಡಳು. ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದ: "ಪುಟ್ಟಿ, ನಿಜ ಹೇಳು. ಏಪ್ರನ್ ಇತ್ತಾ? ನಾನು ನೋಡ್ಲಿಲ್ವಾ?"

"ಇರಲಿಲ್ಲ ಮಾವ. ಇರಲಿಲ್ಲ, ಇರಲಿಲ್ಲ."

"ನೀನು ಅಲ್ಲಿರಲಿಲ್ಲವಲ್ಲ," ಎಂದ ಮಾವ.

ಒಂದು ಸಂಜೆ ಕೆಲಸ ಬಿಟ್ಟವನು ಮನೆಯ ಕಡೆ ತಿರುಗದೆ ಎದುರು ರಸ್ತೆ ಹಿಡಿದ. ಅವಳು ಹಿಂದೆ ಓಡಿದಳು. ಉದ್ದಣ್ಣನ ಮನೆ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ. ಮೆಟ್ಟಿಲ ಮೇಲೆ ಯಾರದೋ ಸೈಕಲ್ಲು, ಯಾರದೋ ಒಣಗದ ಬಟ್ಟೆ. ಬಾಗಿಲು ತೆರೆದ ಹೆಂಡತಿ ಇಬ್ಬರನ್ನೂ ನೋಡಿದಳು, ಒಳಗೆ ಬನ್ನಿ ಎನ್ನಲಿಲ್ಲ. ಅವಳ ಮುಖ ಬಿಗಿದ ಮುಷ್ಟಿಯ ಹಾಗಿತ್ತು.

"ಆಫೀಸಿನವರು ಬಂದು ಹೇಳಿ ಹೋದ್ರು," ಎಂದಳು. "ಕನ್ಫ್ಯೂಷನ್ ಆಯ್ತಂತೆ. ಹಾಗಂದ್ರೆ ಯಾರು ಮಾವ? ನಾನು ಯಾರನ್ನ ಬಯ್ಯಲಿ? ಯಾರ ಹೆಸರು ಹಿಡಿದು ಅಳಲಿ? ರಾತ್ರಿಯೆಲ್ಲ ಎದೆ ಮೇಲೆ ಕಲ್ಲಿಟ್ಟ ಹಾಗೆ ಕೂತಿರ್ತೀನಿ, ಒಂದು ಹನಿ ಬರಲ್ಲ."

"ಅತ್ತಿಗೆ, ಸೂಪರ್‌ವೈಸರು," ಎಂದು ಟೈಪ್ ಮಾಡುವವಳು ಮುಂದೆ ಬಂದಳು. "ಏಪ್ರನ್ ತೆಗೆದದ್ದು ಸೂಪರ್‌ವೈಸರು. ಮಾವಂದೇನೂ ತಪ್ಪಿಲ್ಲ. ಇಸ್ತ್ರಿಯಕ್ಕ ನೋಡಿದ್ದಾರೆ. ನಾನೇ ಅವತ್ತು..."

"ನೀನೇ ಅಲ್ವಾ ಇಂಗ್ಲಿಷಲ್ಲಿ ಹೇಳಿದ್ದು?"

"ಹೌದು, ಆದ್ರೆ..."

"ಅಲ್ಲಿ ಹೇಳಿದ್ದು ನಂಬ್ಲಾ, ಇಲ್ಲಿ ಹೇಳ್ತಿರೋದು ನಂಬ್ಲಾ?"

ಮಾವ ಸೊಸೆಯ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದ. ಬಾಗಿಲಿನ ಎದುರಿಗೆ, ಹ್ಯಾಂಡಲಿನ ಎದುರಿಗೆ ನಿಲ್ಲುತ್ತಿದ್ದ ಹಾಗೆಯೇ, ಕಾಲಗಲಿಸಿ ನಿಂತ.

"ನಾನೇ ತಾಯಿ," ಎಂದ. "ಅವನು ಒಳಗಿದ್ದ. ನಾನು ಎಳೆದೆ."

"ಮಾವ!" ಎಂದಳು ಇವಳು.

"ಸುಮ್ಮನಿರು. ಕೈ ನಂದು ತಾನೇ? ಮತ್ತೆ ಯಾರು?"

ಉದ್ದಣ್ಣನ ಹೆಂಡತಿ ಅವನ ಮುಖವನ್ನೇ ನೋಡಿದಳು. ಮುಷ್ಟಿಯಂತಿದ್ದ ಆ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. ಅವಳ ಬಾಯಿಂದ ಮೊದಲು ಬಂದದ್ದು ಮಾತಲ್ಲ. ಆಮೇಲೆ ಬಂದವು ಮಾತುಗಳು. ನಿನ್ನ ಕೈಗೆ ಹುಳ ಬೀಳಲಿ, ನಿನ್ನ ಮನೆ ಹಾಳಾಗಲಿ, ಅವರು ನಿನ್ನನ್ನ ಮಾವ ಅಂತಿದ್ರಲ್ಲೋ. ಮಾವ ತಲೆ ತಗ್ಗಿಸಲಿಲ್ಲ. ಒಂದೊಂದನ್ನೂ, ಬಹಳ ದಿನದಿಂದ ಕಾಯುತ್ತಿದ್ದುದನ್ನು ಪಡೆಯುವವನ ಹಾಗೆ ನಿಂತು ಪಡೆದ. ಬಾಗಿಲು ದಡಾರನೆ ಮುಚ್ಚಿತು. ಒಳಗಿಂದ ಅಳು ಕೇಳಿಸಿತು, ಅಣೆಕಟ್ಟು ಒಡೆದ ಅಳು.

ಸದ್ದಿಗೆ ಕೆಳಗಿನ ಮಹಡಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಮಾವ ಇಳಿಯತೊಡಗಿದ. ಕೆಲವು ವಾರಗಳಿಂದ ಕಾಲು ಎಳೆಯುತ್ತಿದ್ದವನು ಈಗ ಮೆಟ್ಟಿಲುಗಳನ್ನು ಗಟ್ಟಿಯಾಗಿ ತುಳಿಯುತ್ತಿದ್ದ.

"ಏನಾಯ್ತು ಯಜಮಾನ್ರೇ? ಯಾಕೆ ಅಳ್ತಿದ್ದಾಳೆ?" ಎಂದು ಸೈಕಲ್ಲಿನ ಪಕ್ಕ ನಿಂತಿದ್ದವನು ಕೇಳಿದ.

"ಅವಳ ಗಂಡನ್ನ ಕೊಂದದ್ದು ನಾನು," ಎಂದ ಮಾವ.

ಆ ಮನುಷ್ಯ ಹಿಂದೆ ಸರಿದ. ಅವಳು, "ಇಲ್ಲ, ಹಾಗಲ್ಲ, ಅವರಿಗೆ ಸ್ವಲ್ಪ..." ಎಂದು ಶುರು ಮಾಡಿದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮುಂದಿನ ಪದ ಯಾವುದೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಮಾವ ಇನ್ನೊಂದು ಮಹಡಿ ಇಳಿದಿದ್ದ. ಅಲ್ಲಿ ಕಿವಿ ಮಂದವಾದ ಮುದುಕಿಯೊಬ್ಬಳು ಹೊಸ್ತಿಲಲ್ಲಿ ನಿಂತು, "ಯಾರು? ಯಾರಂದೆ?" ಎಂದು ಕೇಳುತ್ತಿದ್ದಳು. ಮಾವ ಅವಳ ಹತ್ತಿರ ಹೋಗಿ, ಬಗ್ಗಿ, ಕಿವಿಯ ಬಳಿ ಬಾಯಿಟ್ಟು ಗಟ್ಟಿಯಾಗಿ ಹೇಳಿದ: "ನಾನು."